ತಲ್ಲೂರಿನ ವಿಮಾನಕಟ್ಟೆ

ಹಳೆಯ ಯುದ್ಧವಿಮಾನಕ್ಕೆ ಬೆಲೆಯಿಲ್ಲ, ಬಿಟ್ಟಿ ಸಿಕ್ಕಿತು. ಆದರೆ ಬಿಟ್ಟಿ ಸಿಕ್ಕಿದ್ದನ್ನು ಊರಿಗೆ ತರುವುದು ಬಿಟ್ಟಿಯಲ್ಲ. ರೆಕ್ಕೆ ಬಿಚ್ಚಿ ಉದ್ದನೆಯ ಟ್ರೈಲರಿಗೆ ಹೇರಿ ತರಲು ನಾಲ್ಕು ಲಕ್ಷ. ಎತ್ತಿ ನಿಲ್ಲಿಸುವ ಕ್ರೇನಿಗೆ ಎಂಬತ್ತು ಸಾವಿರ. ಬಣ್ಣಕ್ಕೆ ಅರವತ್ತು. ಅದು ನಿಲ್ಲಲು ಸೊಂಟದೆತ್ತರದ ಕಾಂಕ್ರೀಟು ಕಟ್ಟೆಗೆ, ಮಳೆಯಲ್ಲಿ ಟಾರ್ಪಾಲು ಕಟ್ಟಿಕೊಂಡು ಕೆಲಸ ಮಾಡಿದವರ ಹೆಚ್ಚಿನ ಕೂಲಿಯೂ ಸೇರಿ, ಮೂರು ಲಕ್ಷದ ಮೇಲೆ. ಸ್ವಾತಂತ್ರ್ಯ ದಿನದ ಶಾಮಿಯಾನ, ಬ್ಯಾಂಡು, ಲಾಡು ಬೇರೆ. ಇಷ್ಟೆಲ್ಲ ಲೆಕ್ಕ ಹಾಕಿದವರು ಆ ಜಾಗದಲ್ಲಿ ಕೂತು ಮೀನು ಮಾರುವ ಮೂವರು ಹೆಂಗಸರನ್ನು ಮಾತ್ರ ಬಿಟ್ಟುಬಿಟ್ಟಿದ್ದರು.

ಬೇಕೆಂದು ಬಿಟ್ಟದ್ದಲ್ಲ. ಅವರಿಗೆ ಈ ಹೆಂಗಸರು ಕಂಡೇ ಇರಲಿಲ್ಲ. ಕುಂದಾಪುರದ ಮಾಜಿ ವಾಯುಸೈನಿಕರ ಕ್ಲಬ್ಬಿನವರು ತಲ್ಲೂರಿನ ಹೆದ್ದಾರಿ ಬದಿಗೆ ಬಂದು ಟೇಪು ಹಿಡಿದದ್ದು ೨೦೧೬ರ ಜೂನ್ ತಿಂಗಳಲ್ಲಿ. ಅಧ್ಯಕ್ಷರಾದ ಕೃಷ್ಣಯ್ಯ ಕೊಕ್ಕರ್ಣೆಯವರು. ಗದ್ದೆಗಳ ನಡುವೆ ಹುಟ್ಟಿ, ಯುದ್ಧವಿಮಾನ ಹಾರಿಸಿ, ವಯಸ್ಸಾದ ಮೇಲೆ ಊರಿಗೆ ಮರಳಿದವರು. ಕಾರ್ಯದರ್ಶಿ ಪ್ರೇಮಾನಂದ ವಾಯುಪಡೆಯ ಸ್ಟೋರಿನಲ್ಲಿದ್ದು ನಿವೃತ್ತನಾಗಿ ಈಗ ಸೈಟು ಮಾರಿಸಿ ಕೊಡುವವನು. ಇಬ್ಬರಿಗೂ ಕಡಲಿನ ಬದುಕು ದೂರ. ಜೂನ್, ಜುಲೈ ಎಂದರೆ ಬೋಟುಗಳಿಗೆ ಮಳೆಗಾಲದ ಬಂದ್. ಬೋಟು ದಡದಲ್ಲಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಬುಟ್ಟಿಯ ಹೆಂಗಸರು ರಸ್ತೆಗೆ ಬರುವುದಿಲ್ಲ. ಹಾಗಾಗಿ ಕ್ಲಬ್ಬಿನವರು ಕಂಡದ್ದು ಒಂದು ಗೋಳಿಮರ, ಮಳೆನೀರು ನಿಂತ ಖಾಲಿ ಜಾಗ, ಅಷ್ಟೇ. "ಯಾರ ತಕರಾರೂ ಇಲ್ಲ ಸಾರ್" ಎಂದ ಪ್ರೇಮಾನಂದ. ಪಂಚಾಯತಿನವರೂ ಒಪ್ಪಿಗೆ ಕೊಟ್ಟರು.

ಜುಲೈ ಮೊದಲಲ್ಲಿ ಕ್ಲಬ್ಬಿಗೆ ದೊಡ್ಡ ಸುದ್ದಿ ಬಂತು. ನಮ್ಮ ದೇಶದಲ್ಲೇ ತಯಾರಾದ ಹೊಸ ಯುದ್ಧವಿಮಾನ ಬೆಂಗಳೂರಿನಲ್ಲಿ ವಾಯುಪಡೆಗೆ ಸೇರಿತು. ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಎಂದು ಮೂವತ್ತು ವರ್ಷ ಕೇಳಿ ಕೇಳಿ ಕಿವಿ ದಣಿದವರು ಅವತ್ತು ಮೈಸೂರುಪಾಕು ಹಂಚಿದರು. ಕೃಷ್ಣಯ್ಯನವರೂ ಒಂದು ತುಂಡು ಬಾಯಿಗೆ ಹಾಕಿಕೊಂಡರು, ಎರಡನೆಯದಕ್ಕೆ ಕೈ ಚಾಚಲಿಲ್ಲ. ಹೊಸದು ಬಂತು ಎಂದರೆ ಹಳೆಯದರ ಕಾಲ ಮುಗಿಯಿತು ಎಂದರ್ಥ. ಕ್ಲಬ್ಬಿಗೆ ಕೊಡಲು ಒಪ್ಪಿದ್ದು ಅವರು ಹಾರಿಸುತ್ತಿದ್ದ ಜಾತಿಯದೇ ವಿಮಾನ. ಆಗಸ್ಟ್ ಹದಿನೈದರೊಳಗೆ ಅದು ನಿಲ್ಲಲೇಬೇಕು ಎಂದು ಅವರು ಹಟ ಹಿಡಿದರು.

ಕ್ಲಬ್ಬಿನ ಈ ಲೆಕ್ಕಾಚಾರ ಒಂದೂ ಆ ಮೂವರು ಹೆಂಗಸರಲ್ಲಿ ಒಬ್ಬಳಾದ ಬಾಗಿಗೆ ಗೊತ್ತಿರಲಿಲ್ಲ. ಬಂದ್ ಮುಗಿದು ಬೋಟುಗಳು ಕಡಲಿಗಿಳಿದು ಮೊದಲ ಮೀನು ಗಂಗೊಳ್ಳಿ ಬಂದರಿಗೆ ಬಂದ ದಿನ, ಅವಳು, ಗುಲಾಬಿ, ಪುಷ್ಪ ಮೂವರೂ ಟೆಂಪೋದಿಂದ ಬುಟ್ಟಿ ಇಳಿಸಿಕೊಂಡು ನೋಡಿದರೆ ತಮ್ಮ ಜಾಗದಲ್ಲಿ ಬಿಳಿಚಿದ ಹೊಸ ಕಟ್ಟೆ.

"ಅಬ್ಯಾ!" ಎಂದಳು ಗುಲಾಬಿ. ಮೂವರಲ್ಲಿ ಹಿರಿಯಳು, ಬಾಯಿಗೆ ಬಿಡುವಿಲ್ಲದವಳು. "ಕಾಣ್ ಹೆಣೆ, ನಮ್ಗ್ ಯಾರೋ ಕಟ್ಟಿ ಕಟ್ಸಿ ಕೊಟ್ಟಿರ್. ಎಷ್ಟ್ ಚಂದ ಇತ್ತ್!"

"ಎಮ್ಮೆಲ್ಲೆ ಕಟ್ಸದ್ದಾ?" ಎಂದಳು ಪುಷ್ಪ.

"ಓಟ್ ಇಲ್ದಿದ್ ವರ್ಷ ಯಾರ್ ಕಟ್ಸ್ತ್ರ್?" ಎಂದಳು ಬಾಗಿ. ನಾಲ್ಕನೆಯ ಕ್ಲಾಸು ಓದಿದ ಅವಳು ಮರಕ್ಕೆ ಹೊಡೆದಿದ್ದ ಬೋರ್ಡನ್ನು ನಿಧಾನವಾಗಿ ಓದಿದಳು. ಯುದ್ಧವಿಮಾನ ಸ್ಥಾಪನೆಯ ಜಾಗ, ಪ್ರವೇಶವಿಲ್ಲ.

ಬಾಗಿಗೆ ಐವತ್ತು ದಾಟಿತ್ತು. ಈ ಮರದ ಬುಡದಲ್ಲಿ ಮೊದಲು ಅವಳ ಅತ್ತೆ ಕೂತು ಮಾರುತ್ತಿದ್ದಳು, ಅವಳ ಮಂಡಿ ಹೋದ ಮೇಲೆ ಇವಳು. ಹೆದ್ದಾರಿಯಿಂದ ಒಳಗಿನ ಊರುಗಳಿಗೆ ಬಸ್ಸು ತಿರುಗುವುದು ಇಲ್ಲೇ. ಕುಂದಾಪುರದಲ್ಲಿ ಕೆಲಸ ಮುಗಿಸಿ ಮನೆಗೆ ಹೋಗುವವರು ಇಲ್ಲಿ ಬಸ್ಸು ಬದಲಾಯಿಸುವಾಗ ಮೀನು ಕಟ್ಟಿಸಿಕೊಳ್ಳುತ್ತಾರೆ. ಇಲ್ಲಿಂದ ನೂರು ಮಾರು ಆಚೆ ಕೂತರೂ ವ್ಯಾಪಾರ ಇಲ್ಲ. ಬಸ್ಸಿನವರು ಮೀನಿಗಾಗಿ ನಡೆದು ಬರುವುದಿಲ್ಲ, ಮೀನೇ ಅವರ ಕಾಲಬುಡದಲ್ಲಿರಬೇಕು.

ಅವಳು ಬೋರ್ಡನ್ನು ಇನ್ನೊಮ್ಮೆ ಓದಿದಳು. ಆಮೇಲೆ ಬುಟ್ಟಿಯನ್ನು ಎತ್ತಿ ಕಟ್ಟೆಯ ಮೇಲಿಟ್ಟು, ತಾನೂ ಹತ್ತಿ ಕೂತಳು.

"ಪ್ರವೇಶ ಇಲ್ಲ ಅಂದ್ ಬರ್ದಿರ್ ಅಲ್ದಾ?" ಪುಷ್ಪ ಮೆಲ್ಲಗೆ ಕೇಳಿದಳು.

"ನಾವ್ ಹೊಸ್ತಾಗಿ ಪ್ರವೇಶ ಮಾಡ್ಲಿಲ್ಲ. ಮೊದ್ಲಿಂದ ಇಲ್ಲೇ ಇದ್ದವ್ರ್. ಹತ್ತ್."

ಕಟ್ಟೆ ಮೀನಿಗೆಂದೇ ಮಾಡಿಸಿದಂತಿತ್ತು. ನೀರು ನಿಲ್ಲುತ್ತಿರಲಿಲ್ಲ, ನಾಯಿಗೆ ಎಟುಕುತ್ತಿರಲಿಲ್ಲ. ವಿಮಾನದ ಕಾಲು ಬಿಗಿಯಲು ಬಿಟ್ಟಿದ್ದ ಕಬ್ಬಿಣದ ಬೋಲ್ಟುಗಳಿಗೆ ಅವರು ದೊಡ್ಡ ಕೊಡೆಗಳನ್ನು ಕಟ್ಟಿದರು. ಸೊಂಟ ಬಗ್ಗಿಸದೆ ಮೀನು ಆರಿಸಬಹುದಲ್ಲ ಎಂದು ಗಿರಾಕಿಗಳಿಗೂ ಖುಷಿ. ಎರಡು ತಿಂಗಳು ಒಣಮೀನು ತಿಂದ ಊರು ಅವತ್ತು ಬಂಗಡೆಗೆ ಮುಗಿಬಿತ್ತು.

ಮರುದಿನ ಪ್ರೇಮಾನಂದ ಬೈಕಿನಲ್ಲಿ ಬಂದವನು ಹೆಲ್ಮೆಟ್ಟು ತೆಗೆಯುವ ಮೊದಲೇ ಕೂಗಿದ. "ಹ್ವಾಯ್, ಇಳೀನಿ ಇಳೀನಿ! ಇದೆಂತ ಮೀನ್ ಮಾರ್ಕೆಟಾ?"

"ಮತ್ತೆಂತ, ಪೋಸ್ಟಾಫೀಸಾ?" ಎಂದಳು ಗುಲಾಬಿ. "ನೂರಕ್ಕೆ ಎಂಟ್ ಬಂಗ್ಡಿ. ನೀವ್ ಹೆದ್ರಿಸ್ತಾ ಬಂದದ್ದಕ್ಕೆ ಏಳ್."

ಗಿರಾಕಿಗಳು ನಕ್ಕರು. ಪ್ರೇಮಾನಂದ ನಗಲಿಲ್ಲ. "ಇದ್ ವಿಮಾನ ನಿಲ್ಲುಕ್ ಕಟ್ಸದ್ದ್. ಹನ್ನೆರಡ್ನೇ ತಾರೀಕ್ ಬತ್ತ್."

"ಬರ್ಲಿ," ಎಂದಳು ಬಾಗಿ. "ಆದ್ರ್ ಈ ಜಾಗಕ್ಕೆ ನಾವ್ ಮೊದ್ಲೇ ಬಂದವ್ರ್."

"ಜೂನ್ ತಿಂಗ್ಳಂಗೆ ನಾವೇ ಬಂದ್ ಕಂಡದ್ದ್. ಒಂದ್ ನರಪಿಳ್ಳೆ ಇರ್ಲಿಲ್ಲ."

"ಜೂನ್ ತಿಂಗ್ಳಂಗಾ!" ಗುಲಾಬಿ ಮೀನು ಹಿಡಿದ ಕೈಯನ್ನೇ ಹಣೆಗೆ ಬಡಿದುಕೊಂಡಳು. "ಜೂನಂಗೆ ಬಂದ್ ಮೀನಿನ್ ಹೆಂಗ್ಸ್ರನ್ನ್ ಹುಡ್ಕುದಾ ಮಾರಾಯ್ರೆ? ಬಿರುಬೇಸಗಿಯಂಗೆ ಗದ್ದಿ ಕಂಡ್, ಇಲ್ಲ್ ಯಾರೂ ಭತ್ತ ಬೆಳೀತಿಲ್ಲ ಅಂದಾಂಗಾಯ್ತ್."

ಪ್ರೇಮಾನಂದನಿಗೆ ಆ ಮಾತು ತಾಗಿತು. ತಪ್ಪಾದದ್ದು ಅವನಿಗೆ ಹೊಳೆದಿರಬೇಕು. ತಪ್ಪು ಹೊಳೆದ ಮನುಷ್ಯ ಒಂದೋ ತಗ್ಗುತ್ತಾನೆ, ಇಲ್ಲವೋ ದನಿ ಏರಿಸುತ್ತಾನೆ. ಅವನು ಏರಿಸಿದ. "ದೇಶದ್ ಕೆಲ್ಸಕ್ಕೆ ಅಡ್ಡ ಬತ್ತ್ರ್ಯಾ? ಹೊಸ ವಿಮಾನ ಬಂದದ್ದ್ ಪೇಪರಂಗೆ ಕಾಣ್ಲಿಲ್ಯಾ? ಇಡೀ ದೇಶ ಹೆಮ್ಮೆ ಪಡ್ತಾ ಇತ್ತ್, ನೀವ್ ಇಲ್ಲಿ ಮೀನಿನ್ ನೀರ್ ಚೆಲ್ತಾ ಕೂಕಂಡಿದ್ರಿ!"

"ಕಂಡಿದೆ. ಕೊಕ್ಕರಿ ಹಾಂಗೆ ಚಂದ ಇತ್ತ್," ಎಂದಳು ಬಾಗಿ. "ದೇಶ ಅಂದ್ರೆ ತಲ್ಲೂರ್ ಅದ್ರೊಳ್ಗ್ ಬತ್ತಿಲ್ಯಾ? ನಾವ್ ಬತ್ತಿಲ್ಯಾ?"

"ಕುಂದಾಪುರ ಮಾರ್ಕೆಟಂಗೆ ಜಾಗ ಮಾಡ್ಸಿ ಕೊಡ್ತೆ. ಹನ್ನೊಂದ್ನೇ ತಾರೀಕಿನೊಳ್ಗೆ ಇಲ್ಲಿಂದ ಏಳ್ಕ್. ಇಲ್ದಿದ್ರೆ ಪೊಲೀಸ್ರ್ ಬತ್ತ್ರ್, ಕೇಸ್ ಆತ್ತ್." ಹೇಳಿ ಬೈಕು ತಿರುಗಿಸಿದ.

ಮೀನು ಮುಗಿದ ಮೇಲೆ ಮೂವರೂ ಕಟ್ಟೆ ತೊಳೆದು ಎಲೆಯಡಿಕೆ ಹಾಕಿಕೊಂಡು ಕೂತರು. ಗುಲಾಬಿ ಸುತ್ತ ನೋಡಿ ದನಿ ತಗ್ಗಿಸಿದಳು.

"ಒಂದ್ ಉಪಾಯ ಇತ್ತ್. ಹೊಳಿಯಿಂದ ಒಂದ್ ಕಲ್ಲ್ ತಪ್ಪ. ಕಟ್ಟಿ ಮೇಲ್ ಇಟ್ಟ್ ಅರಶಿನ ಹಚ್ಚ್ವ. ನಾಗ ಅಂದ್ರೆ ಈ ಊರಂಗೆ ಯಾರ್ ಮುಟ್ತ್ರ್? ವಿಮಾನ ಅಲ್ಲ, ವಿಮಾನದ್ ಅಜ್ಜ ಬಂದ್ರೂ ತಿರ್ಗಿ ಹೋತ್ತ್."

ಮಾತೇನೋ ನಿಜ. ಈ ಕಡೆ ನಾಗನ ಕಲ್ಲನ್ನು ಸರಿಸುವ ಧೈರ್ಯ ಕ್ಲಬ್ಬಿಗೂ ಇಲ್ಲ, ಪೊಲೀಸರಿಗೂ ಇಲ್ಲ. ಬಾಗಿ ಎಲೆಯ ತೊಟ್ಟು ಮುರಿದಳು. "ನಾಗ ಕೂಕಂಡ್ ಕಟ್ಟಿ ಮೇಲೆ ಮೀನ್ ಮಾರುಕ್ ಆತ್ತಾ ಗುಲಾಬಕ್ಕ?"

ಗುಲಾಬಿ ನಾಲಿಗೆ ಕಚ್ಚಿಕೊಂಡಳು. ನಾಗನ ಹತ್ತಿರ ಮೀನಿನ ಗಾಳಿಯೂ ಸುಳಿಯಬಾರದು.

"ವಿಮಾನಾನೂ ಬಪ್ಪುದಿಲ್ಲ, ನಾವೂ ಕೂಕಂಬುಕಿಲ್ಲ. ಮತ್ತೆ ಸುಳ್ಳ್ ನಾಗನ್ನ ಮಾಡುಕ್ ನಂಗ್ ಹೆದ್ರಿಕಿ. ಪ್ರೇಮಾನಂದಂಗೆ ಹೆದ್ರುದಿಲ್ಲ."

ಗುಲಾಬಿ ನಗುತ್ತ ಉಗುಳಿ ಬಂದಳು. ಪುಷ್ಪ ಮಾತ್ರ ನಗಲಿಲ್ಲ. ಅವಳ ಮಗ ಯತೀಶ ಸೈನ್ಯದ ಭರ್ತಿಗೆಂದು ದಿನಾ ಬೆಳಿಗ್ಗೆ ಕಡಲ ಬದಿಯಲ್ಲಿ ಓಡುತ್ತಿದ್ದ. "ಕೇಸ್ ಆದ್ರೆ ಹುಡ್ಗನ್ ಕಾಗ್ದ ಪತ್ರಕ್ಕೆ ತೊಂದ್ರಿ ಆತ್ತಾ ಬಾಗಿ?"

"ನಿನ್ ಮೇಲ್ ಕೇಸ್ ಆದ್ರೆ ಅವ್ನಿಗೆಂತ?"

"ಮನಿ ಹೆಸ್ರ್ ಒಂದೇ ಅಲ್ದಾ?"

ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳುವುದು ಬಾಗಿಯ ರೂಢಿಯಲ್ಲ, ಖಾಲಿ ಬುಟ್ಟಿ ಎತ್ತಿಕೊಂಡಳು. ಮರುದಿನ ಟೆಂಪೋದಲ್ಲಿ ಪುಷ್ಪಳ ಬುಟ್ಟಿ ಇರಲಿಲ್ಲ. ಪ್ರೇಮಾನಂದ ಮಾಡಿಸಿಕೊಟ್ಟ ಜಾಗದಲ್ಲಿ, ಕುಂದಾಪುರ ಮಾರ್ಕೆಟಿನ ಹಿಂಬದಿಯ ಮೂಲೆಯಲ್ಲಿ ಅವಳು ಕೂತಿದ್ದಾಳೆ ಎಂದು ಟೆಂಪೋದವನೇ ಹೇಳಿದ.

"ಬೆನ್ನ್ ಹಾಕಿ ಹೋದ್ಲ್ ಕಾಣ್," ಎಂದಳು ಗುಲಾಬಿ.

"ಮಗ ಇಪ್ಪವ್ಳ್. ಬೈಬೇಡ," ಎಂದಳು ಬಾಗಿ. ಆದರೆ ಪುಷ್ಪ ಕೂರುತ್ತಿದ್ದ ಜಾಗಕ್ಕೆ ಬುಟ್ಟಿ ಸರಿಸಲು ಅವಳಿಗೆ ಮನಸ್ಸಾಗಲಿಲ್ಲ.

ಎಂಟನೆಯ ತಾರೀಕು ಕೃಷ್ಣಯ್ಯ ಒಬ್ಬರೇ ಬಂದರು. ಜೋರು ಮಳೆ. ಎಪ್ಪತ್ತರ ಹತ್ತಿರದ ಮನುಷ್ಯ, ಬೆನ್ನು ಮಾತ್ರ ಕೋಲಿನಂತೆ ನೇರ. ಕೊಡೆ ಮಡಚಿ, ಹೆಂಗಸರ ಕೊಡೆಯಡಿಯೇ ನಿಂತು, "ಬಾಗಿಯವರು ಯಾರು?" ಎಂದು ಕೇಳಿದರು. ಅವರ ಮಾತಿನಲ್ಲಿ ಗತ್ತಿರಲಿಲ್ಲ.

"ನಾನೇ ಸಾಹೇಬ್ರೆ. ಹತ್ತಿ ಕೂಕಣಿ, ಒದ್ದಿ ಆತ್ರಿ."

ಅವರು ಕೂರಲಿಲ್ಲ. "ಜೂನಿನಲ್ಲಿ ಬಂದು ಅಳತೆ ಮಾಡಿದ್ದು ನಮ್ಮ ತಪ್ಪು. ಅದನ್ನು ಹೇಳಿಯೇ ಮುಂದಿನ ಮಾತು. ನಾನು ಈ ವಿಮಾನವನ್ನು ಹನ್ನೆರಡು ವರ್ಷ ಹಾರಿಸಿದ್ದೇನೆ. ನನ್ನ ಜತೆಯ ಇಬ್ಬರು ಅದರಲ್ಲೇ ಹೋದರು. ಈಗ ಹೊಸದು ಬಂತು, ಒಳ್ಳೆಯದೇ ಆಯಿತು. ಹಳೆಯವನ್ನು ಒಂದೊಂದಾಗಿ ಕತ್ತರಿಸಿ ಗುಜರಿಗೆ ಹಾಕುತ್ತಾರೆ. ಒಂದನ್ನಾದರೂ ಉಳಿಸುವ ಅಂತ ನನ್ನ ಆಸೆ. ಬೇರೆ ಜಾಗ ಹುಡುಕಿ ಮತ್ತೆ ಒಪ್ಪಿಗೆ ಪಡೆಯಲು ವರ್ಷ ಹೋಗುತ್ತದೆ. ನನಗೆ ಎಷ್ಟು ವರ್ಷ ಉಂಟು?"

ಬಾಗಿಗೆ ಕನಿಕರ ಆಗದೆ ಇರಲಿಲ್ಲ. "ನಮ್ಮಲ್ಲೂ ಹಳೇ ದೋಣಿ ಒಡ್ದ್ ಕಟ್ಗಿ ಮಾಡ್ತ್ರ್ ಸಾಹೇಬ್ರೆ. ನಮ್ಮ ಮಾವನ್ ದೋಣಿ ಒಡ್ದ್ ದಿನ ಅವ್ರ್ ಊಟ ಮಾಡ್ಲಿಲ್ಲ. ನಂಗ್ ಅರ್ಥ ಆತ್ತ್."

"ಹಾಗಾದರೆ—"

"ಆದ್ರೂ ಏಳುದಿಲ್ಲ."

ಮಳೆ ಕೊಡೆಯ ಮೇಲೆ ಸುರಿಯುತ್ತಲೇ ಇತ್ತು. "ವಿಮಾನ ನಿಂತ ಮೇಲೆ ಅದರ ರೆಕ್ಕೆಯ ಕೆಳಗೆ ಕೂತು ಮಾರಿ. ನೆರಳೂ ಆಗುತ್ತದೆ," ಎಂದರು ಕೃಷ್ಣಯ್ಯ.

ಗುಲಾಬಿಯ ಮುಖ ಅರಳಿತು. ಬಾಗಿ ಅವಳನ್ನು ನೋಡಲಿಲ್ಲ. "ಸುತ್ತ ಬೇಲಿ ಹಾಕ್ತ್ರ್ಯಾ ಸಾಹೇಬ್ರೆ?"

ಕೃಷ್ಣಯ್ಯ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಹಾಕಬೇಕು. ಅದು ಷರತ್ತು."

"ಬೇಲಿ ಬಂದ್ ಮೇಲೆ ಗೇಟ್ ಬತ್ತ್, ಗೇಟಿಗೆ ಬೀಗ ಬತ್ತ್. ಬೀಗದ ಕೈ ನಮ್ಮ ಹತ್ರ ಇಪ್ಪುದಿಲ್ಲ. ನಿಮ್ಮ ವಿಮಾನಕ್ಕ್ ನಿಲ್ಲುಕ್ ಬೈಂದೂರಿಂದ ಬ್ರಹ್ಮಾವರದ್ ವರೆಗೆ ಜಾಗ ಇತ್ತ್. ನಂಗ್ ಕೂಕಂಬುಕ್ ಇದ್ ಒಂದೇ."

ಕೃಷ್ಣಯ್ಯ ಕೊಡೆ ಬಿಚ್ಚಿ ಹೋದರು.

ಹನ್ನೆರಡನೆಯ ತಾರೀಕು ಬೆಳಿಗ್ಗೆ ವಿಮಾನ ಬಂದೇ ಬಿಟ್ಟಿತು. ರಾತ್ರಿಯೇ ಹೆದ್ದಾರಿ ಬದಿಯಲ್ಲಿ ರೆಕ್ಕೆ ಜೋಡಿಸಿಯಾಗಿತ್ತು. ಬೂದು ಬಣ್ಣ, ಈಟಿಯಂಥ ಮೂತಿ. ನೋಡಲು ಜನವೋ ಜನ. ಬಸ್ಸುಗಳು ನಿಧಾನ ಮಾಡಿದವು. ಇಬ್ಬರು ಪೊಲೀಸರೂ ಬಂದರು. ಮಳೆ ಬಿಟ್ಟಿದ್ದರಿಂದ ಕೊಡೆ ಮಡಚಿಟ್ಟು, ಬಾಗಿ ಮತ್ತು ಗುಲಾಬಿ ಎಂದಿನಂತೆ ಬುಟ್ಟಿಯ ಹಿಂದೆ ಕೂತಿದ್ದರು.

"ಇಳಿಯಮ್ಮ," ಎಂದ ಪೊಲೀಸಿನವ.

"ಎತ್ತಿ ಇಳ್ಸಿ. ನಾನಾಗಿ ಇಳುದಿಲ್ಲ."

ಮೀನಿನ ಕೈಯ ಹೆಂಗಸನ್ನು ಅಷ್ಟು ಜನರೆದುರು ಎತ್ತಿ ಇಳಿಸಲು ಅವನಿಗೂ ಮನಸ್ಸಿರಲಿಲ್ಲ. ಮಹಿಳಾ ಪೊಲೀಸರನ್ನು ಕಳಿಸಿ ಎಂದು ಠಾಣೆಗೆ ಫೋನು ಮಾಡಿ ನೆರಳಿಗೆ ಸರಿದು ನಿಂತ. ಕೃಷ್ಣಯ್ಯ ಟ್ರೈಲರಿನ ಆಚೆ ಬದಿಯಲ್ಲಿ ಡ್ರೈವರನ ಹತ್ತಿರ ಮಾತಾಡುತ್ತಿದ್ದರು. ಪ್ರೇಮಾನಂದನಿಗೆ ತಾಳ್ಮೆ ಮುಗಿದಿತ್ತು. ಕ್ರೇನು ನಡೆಸುವ ದೇವುವಿನತ್ತ ತಿರುಗಿ, "ಎತ್ತ್ ಮಾರಾಯ. ತಲಿ ಮೇಲ್ ಬಂದ್ರೆ ತಾವೇ ಓಡ್ತ್ರ್," ಎಂದ.

ದೇವು ಅನುಮಾನಿಸಿದ. ಪ್ರೇಮಾನಂದ ಮತ್ತೆ ಕೂಗಿದ ಮೇಲೆ ಎತ್ತಿದ.

ಸರಪಳಿ ಬಿಗಿಯಾಗಿ ವಿಮಾನ ಟ್ರೈಲರಿನಿಂದ ಮೇಲೆದ್ದಿತು. ಗಾಳಿಗೆ ತುಸು ತೂಗಿತು. ಕ್ರೇನಿನ ತೋಳು ತಿರುಗುತ್ತ ತಿರುಗುತ್ತ ಅದರ ನೆರಳು ರಸ್ತೆ ದಾಟಿ, ಕಟ್ಟೆಯ ಅಂಚು ಹತ್ತಿ, ಬುಟ್ಟಿಯ ಮೇಲೆ ಬಿತ್ತು.

"ಅಯ್ಯಯ್ಯೋ, ಬಾ ಹೆಣೆ, ಬಾ!" ಗುಲಾಬಿ ಧುಮುಕಿ ಓಡಿದಳು. ಜನ ಕಿರುಚಿದರು.

ಬಾಗಿ ತಲೆ ಎತ್ತಿದಳು. ತಗಡಿನ ಹೊಟ್ಟೆ, ಅದರ ಮೇಲೆ ತೇಪೆ ಹಾಕಿದ ಗುರುತುಗಳು, ಸಾಲು ಸಾಲು ಮೊಳೆಗಳು ಅವಳಿಗೆ ಎಣಿಸುವಷ್ಟು ಹತ್ತಿರ ಕಂಡವು. ಈಗ ಇಳಿದರೆ ಮತ್ತೆ ಯಾವತ್ತೂ ಹತ್ತಲಾಗುವುದಿಲ್ಲ ಎಂಬುದೊಂದೇ ಅವಳ ತಲೆಯಲ್ಲಿತ್ತು. ಬುಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಅಲ್ಲೇ ಕೂತಳು.

"ನಿಲ್ಲಿಸು! ಯಾರು ಎತ್ತಲು ಹೇಳಿದ್ದು?" ಕೃಷ್ಣಯ್ಯ ಓಡಿ ಬಂದರು. ಆ ವಯಸ್ಸಿನಲ್ಲಿ ಅವರು ಅಷ್ಟು ವೇಗ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಕಟ್ಟೆಯ ಬುಡಕ್ಕೆ ಬಂದು ಏದುಸಿರು ಬಿಡುತ್ತ, "ಬಾಗಿಯವರೆ, ದಯಮಾಡಿ ಇಳೀರಿ," ಎಂದು ಕೈ ಚಾಚಿದರು.

ಬಾಗಿ ಕೈ ಕೊಡಲಿಲ್ಲ. "ಸಾಹೇಬ್ರೆ, ನೀವ್ ಇದನ್ನ್ ಆಕಾಶದಿಂದ ಇಳ್ಸುವತ್ತಿಗೆ ಕೆಳ್ಗೆ ಜನ ಇದ್ರೆ ಎಂತ ಮಾಡ್ತಿದ್ರಿ?"

ಕೃಷ್ಣಯ್ಯ ಅವಳ ಮುಖ ನೋಡಿದರು. "ಇಳಿಸುತ್ತಿರಲಿಲ್ಲ," ಎಂದರು. "ಮತ್ತೆ ಮೇಲಕ್ಕೇರಿಸಿ ಬೇರೆ ಕಡೆ ಹೋಗುತ್ತಿದ್ದೆ."

"ಈಗ್ಳೂ ಹಾಂಗೇ ಮಾಡಿ. ನಾನ್ ಇಲ್ಲಿದ್ದೆ."

ಕೃಷ್ಣಯ್ಯ ಚಾಚಿದ್ದ ಕೈ ಇಳಿಸಿದರು. ತೂಗುತ್ತಿದ್ದ ವಿಮಾನವನ್ನು ಒಮ್ಮೆ ಮೂತಿಯಿಂದ ಬಾಲದವರೆಗೆ ನೋಡಿದರು. "ದೇವು, ಟ್ರೈಲರಿಗೆ ವಾಪಸು ಇಡು. ನಿಧಾನ."

"ಸಾರ್, ಹದಿನೈದಕ್ಕೆ ಕಾರ್ಯಕ್ರಮ! ಮಂತ್ರಿಗಳಿಗೆ ಹೇಳಿ ಆಯ್ತ್!" ಪ್ರೇಮಾನಂದನ ದನಿ ಒಡೆದಿತ್ತು.

"ಕೆಳಗೆ ಮನುಷ್ಯರಿದ್ದಾರೆ ಪ್ರೇಮಾನಂದ. ಇಳಿಸುವುದಿಲ್ಲ."

ನೆರಳು ಬಂದ ದಾರಿಯಲ್ಲೇ ಹಿಂದೆ ಸರಿಯಿತು. ಕಟ್ಟೆಯ ಮೇಲೆ ಬಿಸಿಲು ಬಂತು. ಬಾಗಿ ಬುಟ್ಟಿಯ ಅಂಚಿನಿಂದ ಕೈ ತೆಗೆದಳು. ಅಷ್ಟರಲ್ಲಿ ಗುಲಾಬಿ ವಾಪಸು ಬಂದು, ಕಣ್ಣೊರೆಸಿಕೊಳ್ಳುತ್ತ, "ನ್ಯಾಯ ನೋಡುಕ್ ನಿಂತದ್ದ್ ಸಾಕ್, ಮೀನ್ ತಕಣಿ," ಎಂದು ಜನರನ್ನು ಗದರಿದಳು. ಜನ ತಕ್ಕೊಂಡರು. ದೇವು ಕ್ರೇನು ಮಡಚಿ ಬಂದು ಬಾಗಿಯ ಮುಖ ನೋಡಲಾಗದೆ, ಚೌಕಾಸಿಯನ್ನೂ ಮಾಡದೆ, ಒಂದು ಕಿಲೋ ಸಿಗಡಿ ಕಟ್ಟಿಸಿಕೊಂಡು ಹೋದ.

ಕ್ಲಬ್ಬಿನ ಹದಿನೈದರ ಕಾರ್ಯಕ್ರಮ ನಿಂತಿತು. ಮುಂದಿನ ಸಭೆಯಲ್ಲಿ ಕೃಷ್ಣಯ್ಯನವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರು. ವಿಮಾನ ಏಳು ತಿಂಗಳು ಕೊಕ್ಕರ್ಣೆಯಲ್ಲಿ ಅವರ ಅಂಗಳದಲ್ಲಿ ಟಾರ್ಪಾಲಿನಡಿ ಇತ್ತು. ಕೊನೆಗೆ ಬ್ರಹ್ಮಾವರದ ಒಳಗಿನ ಒಂದು ಶಾಲೆಯ ಮೈದಾನದಲ್ಲಿ, ಅವರೇ ಕೈಯಿಂದ ಹಣ ಹಾಕಿ ಕಟ್ಟಿಸಿದ ಕಟ್ಟೆಯ ಮೇಲೆ ನಿಂತಿತು. ಹೆದ್ದಾರಿಯಿಂದ ಅದು ಕಾಣುವುದಿಲ್ಲ. ಕಾಣಲೆಂದೇ ಹೋದವರಿಗೆ ಕಾಣುತ್ತದೆ.

ಬಾಗಿಯ ಮೇಲೆ ಕೇಸಾಗಲಿಲ್ಲ. ಅವಳ ಜಾಗ ಉಳಿಯಿತು. ಜತೆಗೆ ಮೂರು ಲಕ್ಷದ ಕಟ್ಟೆಯೂ ಸಿಕ್ಕಿತು, ಬಸ್ಸಿನ ಕಂಡಕ್ಟರುಗಳು ಈಗ ಆ ನಿಲ್ದಾಣಕ್ಕೆ ವಿಮಾನಕಟ್ಟೆ ಎಂದೇ ಕೂಗುತ್ತಾರೆ. ಪುಷ್ಪ ತಿರುಗಿ ಬರಲಿಲ್ಲ. ಬಾಗಿ ಎರಡು ಸಲ ಹೋಗಿ ಕರೆದಳು. ಹೆದರಿ ಹೋದವಳಿಗೆ ಗೆದ್ದವರ ಪಕ್ಕ ಬಂದು ಕೂರಲು ಸಂಕೋಚ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವಳು ಆ ಆಗಸ್ಟಿನಲ್ಲಿ ಹೋದಳು, ಹೋಗಿಯೇ ಬಿಟ್ಟಳು.